ಡಿವೈಸ್ ಡ್ರೈವರ್‌ನಲ್ಲಿ ಸೇವಾ ನಿರಾಕರಣೆ ದೋಷ: ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಟಿಂಗ್ ಸಿಸ್ಟಮ್‌ನ ಯಾವುದೋ ಡ್ರೈವರ್‌ನಲ್ಲಿ, ಎಂದರೆ ಸಾಮಾನ್ಯವಾಗಿ ಒಂದು ಸಾಧನವನ್ನು ನಡೆಸುವ ತಂತ್ರಾಂಶದಲ್ಲಿ, ದೋಷ ಕಂಡುಬಂದಿದೆ ಎಂಬ ಭದ್ರತಾ ಪ್ರಕಟಣೆ ಬಂದಾಗ, ‘ಸೇವಾ ನಿರಾಕರಣೆ, ಮಧ್ಯಮ ತೀವ್ರತೆ’ ಎಂಬ ಸಾಲನ್ನು ಓದಿ ಹಲವರು ಅದನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ; ಇನ್ನು ಕೆಲವರು ಗಾಬರಿಯಿಂದ ಇರುವ ಯಂತ್ರಗಳನ್ನೆಲ್ಲ ಕೂಡಲೇ ನಿಲ್ಲಿಸಲು ಹೊರಡುತ್ತಾರೆ. ಆ ಡ್ರೈವರ್ ಯಾರ ಕೈಗೆ ಎಟುಕುತ್ತದೆ ಮತ್ತು ಬಿದ್ದ ಯಂತ್ರ ತಾನಾಗಿ ಏಳುತ್ತದೆಯೇ ಎಂಬುದನ್ನು ತಿಳಿಯುವ ಮೊದಲು ಈ ಎರಡೂ ನಿರ್ಧಾರಗಳು ಆತುರದವೇ. ಯಂತ್ರಗಳ ಉಸ್ತುವಾರಿ ಹೊತ್ತವರು ಮತ್ತು ವಿಷಯದಲ್ಲಿ ಆಸಕ್ತಿಯುಳ್ಳ ಸಾಮಾನ್ಯ ಬಳಕೆದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಸೇವಾ ನಿರಾಕರಣೆ ದೋಷ ಎಂದರೇನು? ಸಾವಿರಾರು ಯಂತ್ರಗಳಿಂದ ಒಂದು ಜಾಲತಾಣದ ಮೇಲೆ ನಡೆಯುವ ದಾಳಿಯೂ ಇದೂ ಒಂದೇ ಅಲ್ಲವೇ?

ಪರಿಣಾಮ ಒಂದೇ, ಬಳಕೆದಾರರಿಗೆ ಸೇವೆ ಸಿಗದೆ ಹೋಗುವುದು; ಕಾರಣ ಬೇರೆ. ಬೇಡಿಕೆಗಳ ಮಹಾಪೂರವನ್ನೇ ಹರಿಸಿ ಜಾಲತಾಣವನ್ನು ಉಸಿರುಗಟ್ಟಿಸುವ ದಾಳಿಗೆ ಸಂಖ್ಯಾಬಲ ಬೇಕು. ದಾಳಿಗೆ ಗುರಿಯಾದ ತಂತ್ರಾಂಶದಲ್ಲಿ ತಪ್ಪೇ ಇಲ್ಲದಿದ್ದರೂ ಆ ದಾಳಿ ನಡೆಯುತ್ತದೆ. ಇಲ್ಲಿ ನಾವು ಹೇಳುತ್ತಿರುವುದು ಕೋಡ್‌ನಲ್ಲೇ ಉಳಿದುಹೋದ ತಪ್ಪಿನ ಬಗ್ಗೆ. ಅಂಥ ತಪ್ಪು ಇದ್ದಾಗ ಬಲದ ಅಗತ್ಯವೇ ಇಲ್ಲ: ಅಂಕೆ ತಪ್ಪಿದ ಒಂದೇ ಪ್ಯಾಕೆಟ್, ಸುಳ್ಳು ಹೇಳುವ ಒಂದು ಯುಎಸ್‌ಬಿ ಸಾಧನ ಅಥವಾ ಸಾಮಾನ್ಯ ಬಳಕೆದಾರನೊಬ್ಬ ಓಡಿಸಿದ ಹತ್ತು ಸಾಲಿನ ಪ್ರೋಗ್ರಾಮ್ ಸಾಕು, ಯಂತ್ರ ಕುಸಿದು ಬೀಳುತ್ತದೆ ಇಲ್ಲವೇ ನಿಂತಲ್ಲೇ ನಿಲ್ಲುತ್ತದೆ.

ಒಂದು ಚಿಕ್ಕ ಡ್ರೈವರ್ ತಪ್ಪಿದರೆ ಇಡೀ ಯಂತ್ರ ಏಕೆ ಬೀಳಬೇಕು? ಬ್ರೌಸರ್ ಮುಚ್ಚಿಹೋದರೆ ಯಂತ್ರವೇನೂ ಬೀಳುವುದಿಲ್ಲವಲ್ಲ?

ಬ್ರೌಸರ್ ಓಡುವುದು ತನಗೆಂದೇ ಬೇಲಿ ಹಾಕಿಕೊಟ್ಟ ಮೆಮೊರಿಯೊಳಗೆ. ಅದು ತನ್ನದಲ್ಲದ ವಿಳಾಸವನ್ನು ಮುಟ್ಟಿದರೆ ಪ್ರೊಸೆಸರ್ ತಡೆಯುತ್ತದೆ, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್ ಆ ಪ್ರಕ್ರಿಯೆಯನ್ನು (ಓಡುತ್ತಿರುವ ಪ್ರೋಗ್ರಾಮನ್ನು) ಮಾತ್ರ ಕೊನೆಗೊಳಿಸುತ್ತದೆ, ಉಳಿದ ಕೆಲಸಗಳು ಎಂದಿನಂತೆ ಸಾಗುತ್ತವೆ. ಲಿನಕ್ಸ್, ವಿಂಡೋಸ್, ಫ್ರೀಬಿಎಸ್‌ಡಿಗಳಲ್ಲಿ ಬಹುಪಾಲು ಡ್ರೈವರ್‌ಗಳು ಇರುವುದು ಬೇಲಿಯ ಆಚೆಗೆ, ಕರ್ನೆಲ್‌ನ ಒಳಗೇ, ಅದರಷ್ಟೇ ಅಧಿಕಾರದೊಂದಿಗೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳ ಭಾಷೆಯಲ್ಲಿ ಹೇಳುವುದಾದರೆ, ಸಾಮಾನ್ಯ ಪ್ರೋಗ್ರಾಮ್‌ಗಳು 3ನೇ ರಿಂಗ್‌ನಲ್ಲಿ ಓಡಿದರೆ ಕರ್ನೆಲ್ ಮತ್ತು ಡ್ರೈವರ್‌ಗಳು 0ನೇ ರಿಂಗ್‌ನಲ್ಲಿ ಓಡುತ್ತವೆ. ಧ್ವನಿ ಕಾರ್ಡಿನ ಡ್ರೈವರ್ ಮತ್ತು ಫೈಲ್ ಸಿಸ್ಟಮ್‌ನ ಕೋಡ್ ನಡುವೆ ಅಲ್ಲಿ ಗೋಡೆಯಿಲ್ಲ. ಹೀಗಾಗಿ ಡ್ರೈವರ್ ಮಾಡಿದ ತಪ್ಪು ಎಂದರೆ ಕರ್ನೆಲ್ ಮಾಡಿದ ತಪ್ಪು ಎಂದೇ ಅರ್ಥ.

ಅದಕ್ಕಾಗಿ ಕರ್ನೆಲ್ ತಾನಾಗಿಯೇ ಯಂತ್ರವನ್ನು ನಿಲ್ಲಿಸಬೇಕೇ? ಹೇಗೋ ಮುಂದುವರಿಯಬಾರದೇ?

ವಿಂಡೋಸ್‌ನ ನೀಲಿ ಪರದೆ ಮತ್ತು ಲಿನಕ್ಸ್‌ನ ‘ಕರ್ನೆಲ್ ಪ್ಯಾನಿಕ್’ ಎರಡೂ ಬೇಕೆಂದೇ ಮಾಡಿದ ಏರ್ಪಾಡುಗಳು. ಕರ್ನೆಲ್‌ನ ಮೆಮೊರಿಯಲ್ಲಿ ಏನೋ ಕೆಟ್ಟಿದೆ ಎಂದು ಗೊತ್ತಾದ ಮೇಲೂ ಓಟ ಮುಂದುವರಿಸಿದರೆ ಕೆಟ್ಟ ಬೈಟ್‌ಗಳು ಡಿಸ್ಕ್‌ಗೆ ಇಳಿದು ದತ್ತಾಂಶವೇ ಹಾಳಾಗುವ ಸಂಭವವಿದೆ. ಅದಕ್ಕಿಂತ ನಿಲ್ಲಿಸುವುದು ಲೇಸು ಎಂಬುದು ಇದರ ಹಿಂದಿನ ತರ್ಕ.

ಲಿನಕ್ಸ್ ನಡುವೆ ಇನ್ನೊಂದು ಮೆಟ್ಟಿಲನ್ನು ಇಟ್ಟುಕೊಂಡಿದೆ, ಅದಕ್ಕೆ ‘ಊಪ್ಸ್’ ಎಂದು ಹೆಸರು. ಯಾವುದೋ ಪ್ರಕ್ರಿಯೆಯ ಪರವಾಗಿ ಕೆಲಸ ಮಾಡುತ್ತಿರುವಾಗ ಡ್ರೈವರ್ ಎಡವಿದರೆ ಕರ್ನೆಲ್ ಆ ಪ್ರಕ್ರಿಯೆಯನ್ನು ಕೊಂದು, ಲಾಗ್‌ನಲ್ಲಿ ವಿವರ ಬರೆದು ಮುಂದೆ ಸಾಗಲು ನೋಡುತ್ತದೆ. ಕೇಳಲು ಹಿತವಾಗಿದೆ, ಆದರೆ ಸತ್ತ ಪ್ರಕ್ರಿಯೆ ಹಿಡಿದುಕೊಂಡಿದ್ದ ಲಾಕ್‌ಗಳನ್ನು, ಎಂದರೆ ಒಂದೇ ವಸ್ತುವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ಹಾಕಿದ ಬೀಗಗಳನ್ನು, ಬಿಡಿಸುವವರು ಯಾರೂ ಇರುವುದಿಲ್ಲ. ಆ ಲಾಕ್‌ಗಾಗಿ ಕಾಯುವ ಪ್ರಕ್ರಿಯೆಗಳು ಒಂದರ ಹಿಂದೆ ಒಂದು ನಿಲ್ಲುತ್ತ ಹೋಗಿ, ಅರ್ಧ ಗಂಟೆಯಲ್ಲಿ ಯಂತ್ರ ಪಿಂಗ್‌ಗೆ ಉತ್ತರಿಸುತ್ತಿದ್ದರೂ ಲಾಗಿನ್ ಆಗಲು ಬಿಡದ ಸ್ಥಿತಿಗೆ ಬರಬಹುದು. ಉಸ್ತುವಾರಿ ಮಾಡುವವರಿಗೆ ಇದು ನೇರವಾಗಿ ಬಿದ್ದ ಯಂತ್ರಕ್ಕಿಂತ ದೊಡ್ಡ ತಲೆನೋವು. ಬಿದ್ದ ಯಂತ್ರ ಕನಿಷ್ಠ ಪಕ್ಷ ಬಿದ್ದಿದೆ ಎಂದು ಹೇಳುತ್ತದೆ. ಡ್ರೈವರ್ ಇಂಟರಪ್ಟ್ (ಸಾಧನವು ಪ್ರೊಸೆಸರ್‌ನ ಗಮನ ಸೆಳೆಯಲು ಕಳಿಸುವ ಸಂಕೇತ) ನಿಭಾಯಿಸುವಾಗಲೇ ತಪ್ಪಿದರೆ ಮಾತ್ರ ಈ ಮಧ್ಯದ ಮೆಟ್ಟಿಲಿಲ್ಲ, ನೇರ ಪ್ಯಾನಿಕ್.

ಇಂಥ ದೋಷಗಳು ಡ್ರೈವರ್‌ಗಳಲ್ಲೇ ಹೆಚ್ಚು ಎನ್ನುವುದು ನಿಜವೇ?

ನಿಜ. ಲಿನಕ್ಸ್ ಕರ್ನೆಲ್‌ನ ಮೂಲ ಕೋಡ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಡ್ರೈವರ್‌ಗಳದೇ, ಅಂದಮೇಲೆ ಅಲ್ಲಿ ದೋಷಗಳ ಸಂಖ್ಯೆ ಹೆಚ್ಚಿರುವುದು ಸಹಜ. ಆದರೆ ಪ್ರಮಾಣವೂ ಹೆಚ್ಚು: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನವು ಡ್ರೈವರ್ ಕೋಡ್‌ನಲ್ಲಿ ದೋಷದ ದರ ಕರ್ನೆಲ್‌ನ ಉಳಿದ ಭಾಗಕ್ಕಿಂತ ಮೂರರಿಂದ ಏಳು ಪಟ್ಟಿನವರೆಗೆ ಇದೆ ಎಂದು ಕಂಡುಕೊಂಡಿತು. ಮೆಮೊರಿ ನಿರ್ವಹಣೆಯ ಕೋಡ್ ಪ್ರತಿ ಯಂತ್ರದಲ್ಲೂ ಪ್ರತಿ ಕ್ಷಣವೂ ಓಡುವುದರಿಂದ ಅದರ ತಪ್ಪುಗಳು ಬೇಗ ಬಯಲಾಗುತ್ತವೆ. ಅಪರೂಪದ ಸಾಧನದ ಡ್ರೈವರ್ ಹಾಗಲ್ಲ. ಅದನ್ನು ಪರೀಕ್ಷಿಸಲು ಆ ಸಾಧನವೇ ಕೈಯಲ್ಲಿರಬೇಕು, ಬರೆದವರ ಗಮನವೆಲ್ಲ ಸಾಧನ ಕೆಲಸ ಮಾಡಿದರೆ ಸಾಕು ಎಂಬುದರ ಮೇಲಿರುತ್ತದೆ. ಸಾಧನವೇ ಮೋಸ ಮಾಡಬಹುದೆಂಬ ಯೋಚನೆ ಆ ಹೊತ್ತಿನಲ್ಲಿ ಅವರಿಗೆ ಬಂದಿರುವುದಿಲ್ಲ.

ಒಂದು ದೋಷವನ್ನು ಹತ್ತಿರದಿಂದ ತೋರಿಸಬಹುದೇ?

ಯುಎಸ್‌ಬಿ ಸಾಧನವನ್ನು ಚುಚ್ಚಿದ ಕೂಡಲೇ ಅದು ತನ್ನ ಪರಿಚಯವನ್ನು ಹೇಳಿಕೊಳ್ಳುತ್ತದೆ: ತಯಾರಕರ ಸಂಖ್ಯೆ ಇದು, ಉತ್ಪನ್ನದ ಸಂಖ್ಯೆ ಇದು, ದತ್ತಾಂಶ ಹೋಗಿಬರಲು ನನ್ನಲ್ಲಿ ಇಷ್ಟು ಎಂಡ್‌ಪಾಯಿಂಟ್‌ಗಳಿವೆ. ಕರ್ನೆಲ್ ಮೊದಲೆರಡು ಸಂಖ್ಯೆಗಳನ್ನು ನೋಡಿ ಹೊಂದುವ ಡ್ರೈವರ್‌ಗೆ ಸಾಧನವನ್ನು ಒಪ್ಪಿಸುತ್ತದೆ. ಈ ಸಂಖ್ಯೆಯ ಸಾಧನದಲ್ಲಿ ಎರಡು ಎಂಡ್‌ಪಾಯಿಂಟ್‌ಗಳು ಇದ್ದೇ ಇರುತ್ತವೆ ಎಂದು ಡ್ರೈವರ್ ಬರೆದವರಿಗೆ ಗೊತ್ತು, ಏಕೆಂದರೆ ಅವರ ಮೇಜಿನ ಮೇಲಿದ್ದ ಸಾಧನದಲ್ಲಿ ಇದ್ದವು. ಆದ್ದರಿಂದ ಡ್ರೈವರ್ ಎಣಿಸುವ ಗೋಜಿಗೆ ಹೋಗದೆ ಮೊದಲನೆಯದರ ಪಾಯಿಂಟರ್ (ಮೆಮೊರಿಯಲ್ಲಿ ಅದು ಇರುವ ಜಾಗದ ಗುರುತು) ತೆಗೆದುಕೊಂಡು ಅದರ ಒಳಗಿನ ವಿಳಾಸವನ್ನು ಓದಲು ಹೋಗುತ್ತದೆ.

ಈಗ ದಾಳಿಕೋರನೊಬ್ಬ ಅದೇ ಸಂಖ್ಯೆಗಳನ್ನು ಹೇಳುವ, ಆದರೆ ‘ನನ್ನಲ್ಲಿ ಎಂಡ್‌ಪಾಯಿಂಟ್‌ಗಳೇ ಇಲ್ಲ’ ಎನ್ನುವ ಒಂದು ಸಣ್ಣ ಬೋರ್ಡ್ ತಯಾರಿಸಿ ಚುಚ್ಚುತ್ತಾನೆ. ಪಾಯಿಂಟರ್‌ನ ಬೆಲೆ ಸೊನ್ನೆ. ಆ ಸೊನ್ನೆಯಿಂದ ಎಂಟೋ ಹದಿನಾರೋ ಬೈಟ್ ಆಚೆಗಿನ ಅಂಶವನ್ನು ಡ್ರೈವರ್ ಓದಲು ಹೋದಾಗ ಆ ವಿಳಾಸದಲ್ಲಿ ಏನೂ ಇಲ್ಲದ ಕಾರಣ ಪ್ರೊಸೆಸರ್ ದೂರು ಕೊಡುತ್ತದೆ. ಇದನ್ನೇ ‘ನಲ್ ಪಾಯಿಂಟರ್’ ದೋಷ ಎನ್ನುವುದು; ದೋಷಗಳ ವರ್ಗೀಕರಣ ಪಟ್ಟಿಯಲ್ಲಿ ಇದರ ಸಂಖ್ಯೆ ಸಿಡಬ್ಲ್ಯೂಇ-476. ಲಾಗ್ ತೆರೆದರೆ ‘ನಲ್ ಪಾಯಿಂಟರ್ ಡಿರೆಫರೆನ್ಸ್’ ಎಂಬ ಸಾಲಿನ ಪಕ್ಕ ಒಂದರ ಹಿಂದೆ ಒಂದು ಸೊನ್ನೆಗಳು, ಕೊನೆಗೆ ಒಂದು 8 ಕಾಣುತ್ತದೆ. ಆ 8 ಎಂಬುದು ಡ್ರೈವರ್ ಓದಲು ಹೊರಟಿದ್ದ ಅಂಶ ಎಷ್ಟು ಬೈಟ್ ದೂರದಲ್ಲಿತ್ತು ಎಂಬುದರ ಗುರುತು. ಕೆಳಗಿನ ಸಾಲುಗಳಲ್ಲಿ ಚೌಕ ಆವರಣದೊಳಗೆ ಡ್ರೈವರ್‌ನ ಹೆಸರೂ ಇರುತ್ತದೆ.

ಇದು ಕಲ್ಪನೆಯ ಕಥೆಯಲ್ಲ. 2016ರ ಆರಂಭದಲ್ಲಿ ಲಿನಕ್ಸ್‌ನ ಯುಎಸ್‌ಬಿ ಡ್ರೈವರ್‌ಗಳಲ್ಲಿ ಇದೇ ಬಗೆಯ ದೋಷಗಳು ಸಾಲು ಸಾಲಾಗಿ ಹೊರಬಂದವು. ಬಯಲಾದ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆಯೇ ಸಿವಿಇ; ಅವುಗಳಲ್ಲಿ ಸಿವಿಇ-2016-2184 ಧ್ವನಿ ಸಾಧನಗಳ ಡ್ರೈವರ್‌ನಲ್ಲಿತ್ತು, ಸಿವಿಇ-2016-2782 ಹಳೆಯ ಕೈಗಣಕಗಳ ಡ್ರೈವರ್‌ನಲ್ಲಿ. ಪರಿಹಾರ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ: ಬಳಸುವ ಮೊದಲು ಎಂಡ್‌ಪಾಯಿಂಟ್‌ಗಳನ್ನು ಎಣಿಸಿ, ಕಡಿಮೆ ಇದ್ದರೆ ಸಾಧನವನ್ನು ತಿರಸ್ಕರಿಸುವ ಕೆಲವು ಸಾಲುಗಳು.

ಎಲ್ಲ ದೋಷಗಳೂ ಇದೇ ರೀತಿಯವೇ?

ಇಲ್ಲ. ಸೊನ್ನೆಯಿಂದ ಭಾಗಿಸುವುದು, ಮಂಜೂರಾದ ಮೆಮೊರಿಯ ಗಡಿಯಾಚೆ ಓದುವುದು, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವುದು, ಇಬ್ಬರು ಪರಸ್ಪರರ ಲಾಕ್‌ಗಾಗಿ ಕಾಯುತ್ತ ನಿಲ್ಲುವುದು, ಎಂದಿಗೂ ಮುಗಿಯದ ಲೂಪ್‌ಗೆ ಬೀಳುವುದು ಇವೆಲ್ಲ ಪದೇ ಪದೇ ಕಾಣುತ್ತವೆ. ಲೂಪ್‌ಗೆ ಬಿದ್ದ ಸಂದರ್ಭದಲ್ಲಿ ಯಂತ್ರ ಬೀಳುವುದಿಲ್ಲ, ಪ್ರೊಸೆಸರ್‌ನ ಒಂದು ಕೋರ್ ಅಲ್ಲೇ ಸುತ್ತುತ್ತಿರುತ್ತದೆ. ಲಿನಕ್ಸ್ ಸುಮಾರು 20 ಸೆಕೆಂಡ್ ನೋಡಿ ‘ಸಾಫ್ಟ್ ಲಾಕಪ್’ ಎಂದು ಲಾಗ್‌ನಲ್ಲಿ ಬರೆಯುತ್ತದೆ. ಪ್ರತಿ ಬೇಡಿಕೆಗೂ ಒಂದಿಷ್ಟು ಮೆಮೊರಿ ತೆಗೆದುಕೊಂಡು ಹಿಂದಿರುಗಿಸಲು ಮರೆಯುವ ಡ್ರೈವರ್ ಇನ್ನೂ ನಿಧಾನದ ವಿಷ, ವಾರಗಟ್ಟಲೆ ಕಾಣಿಸದೆ ಇರಬಲ್ಲದು.

ಇನ್ನೊಂದು ವರ್ಗ ವಿಚಿತ್ರವಾದುದು. ‘ಇದು ಎಂದೂ ಆಗಕೂಡದು, ಒಂದು ವೇಳೆ ಆದರೆ ಯಂತ್ರ ನಿಲ್ಲಿಸು’ ಎಂದು ಕಾವಲಿಗೆ ಬರೆದ ಸಾಲಿಗೇ ಹೊರಗಿನವರು ತಲುಪಿಬಿಡುವುದು. 2019ರ ಜೂನ್‌ನಲ್ಲಿ ಬಯಲಾದ ‘ಸ್ಯಾಕ್ ಪ್ಯಾನಿಕ್’, ಎಂದರೆ ಸಿವಿಇ-2019-11477, ಇದರ ಒಳ್ಳೆಯ ಮಾದರಿ. ಅದು ಡ್ರೈವರ್‌ನಲ್ಲಿ ಅಲ್ಲ, ನೆಟ್‌ವರ್ಕ್‌ನಲ್ಲಿ ದತ್ತಾಂಶವನ್ನು ತುಣುಕುಗಳಾಗಿ ಕಳಿಸುವ ಲಿನಕ್ಸ್‌ನ ಟಿಸಿಪಿ ಕೋಡ್‌ನಲ್ಲಿತ್ತು ಎಂಬುದನ್ನು ಹೇಳಿಬಿಡಬೇಕು. ಅಲ್ಲಿ ತುಣುಕುಗಳ ಎಣಿಕೆಯನ್ನು 16 ಬಿಟ್‌ಗಳಲ್ಲಿ ಇಡಲಾಗಿತ್ತು, ಎಂದರೆ 65,535ರವರೆಗೆ ಮಾತ್ರ. ಪ್ರತಿ ತುಣುಕಿನಲ್ಲಿ ಕೇವಲ 8 ಬೈಟ್ ದತ್ತಾಂಶ ಇರುವಂತೆ ಎದುರಿನವನು ಒತ್ತಾಯಿಸಿದರೆ, 32 ಕಿಲೋಬೈಟ್‌ನ 17 ತುಂಡುಗಳಿಂದ 69,632 ತುಣುಕುಗಳಾಗುತ್ತವೆ. ಎಣಿಕೆ ಉಕ್ಕಿ ಹರಿಯಿತು, ಕಾವಲಿನ ಸಾಲು ಎಚ್ಚರಗೊಂಡಿತು, ಯಂತ್ರ ನಿಂತಿತು.

ದಾಳಿ ಮಾಡಲು ಯಂತ್ರದ ಮುಂದೆಯೇ ಕೂತಿರಬೇಕೇ?

ಉತ್ತರ ಡ್ರೈವರ್‌ನ ಮೇಲೆ ನಿಂತಿದೆ, ಮತ್ತು ಯಾವುದೇ ಪ್ರಕಟಣೆಯಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ. ಯುಎಸ್‌ಬಿ ಡ್ರೈವರ್‌ಗೆ ಸಾಮಾನ್ಯವಾಗಿ ಕೈಯಿಂದ ಸಾಧನ ಚುಚ್ಚಬೇಕು. ಗ್ರಾಫಿಕ್ಸ್ ಡ್ರೈವರ್‌ನಂಥವಕ್ಕೆ ಯಂತ್ರದಲ್ಲಿ ಯಾವುದೋ ಪ್ರೋಗ್ರಾಮ್ ಓಡಿಸುವ ಅವಕಾಶವಿದ್ದರೆ ಸಾಕು. ಪ್ರೋಗ್ರಾಮ್‌ಗಳು ಅಂಥ ಡ್ರೈವರ್‌ನೊಡನೆ ‘ಐಒಸಿಟಿಎಲ್’ ಎಂಬ ಕರೆಯ ಮೂಲಕ ನೇರವಾಗಿ ಮಾತನಾಡುತ್ತವೆ. ವೈಫೈ ಮತ್ತು ಬ್ಲೂಟೂತ್ ಡ್ರೈವರ್‌ಗಳಿಗೆ ರೇಡಿಯೋ ಅಲೆ ತಲುಪುವಷ್ಟು ಹತ್ತಿರ ಬಂದರಾಯಿತು, ಪಾಸ್‌ವರ್ಡ್ ಗೊತ್ತಿರಬೇಕೆಂದೇನೂ ಇಲ್ಲ, ಏಕೆಂದರೆ ಸಂಪರ್ಕಕ್ಕೂ ಮೊದಲೇ ಡ್ರೈವರ್ ಸುತ್ತಲಿನ ಪ್ಯಾಕೆಟ್‌ಗಳನ್ನು ಓದುತ್ತಿರುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ನೆಟ್‌ವರ್ಕ್ ಮೂಲಕ ದೂರದಿಂದ ತಲುಪಬಲ್ಲ ಡ್ರೈವರ್. ವಿಂಡೋಸ್‌ನಲ್ಲಿ ವೆಬ್ ಬೇಡಿಕೆಗಳನ್ನು ಸ್ವೀಕರಿಸುವ ‘ಎಚ್‌ಟಿಟಿಪಿ.ಸಿಸ್’ ಕರ್ನೆಲ್‌ನ ಒಳಗೇ ಓಡುವ ಡ್ರೈವರ್. 2015ರ ಏಪ್ರಿಲ್‌ನಲ್ಲಿ ಅದರ ದೋಷವೊಂದಕ್ಕೆ, ಎಂದರೆ ಸಿವಿಇ-2015-1635ಕ್ಕೆ, ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ಫೈಲ್‌ನ ಎಷ್ಟನೇ ಬೈಟ್‌ನಿಂದ ಎಷ್ಟನೇ ಬೈಟ್‌ವರೆಗೆ ಬೇಕು ಎಂದು ಕೇಳುವ ‘ರೇಂಜ್’ ಸಾಲಿನಲ್ಲಿ ಕೊನೆಯ ಸಂಖ್ಯೆಯನ್ನು 18446744073709551615 ಎಂದು ಬರೆದರೆ ಲೆಕ್ಕ ತಪ್ಪುತ್ತಿತ್ತು. ಅದು 64 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ. ಅದಕ್ಕೆ ಒಂದು ಕೂಡಿಸಿದರೆ ಸೊನ್ನೆ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಒಂದೇ ಸಾಲಿನ ವೆಬ್ ಬೇಡಿಕೆಯಿಂದ ಸರ್ವರ್ ನೀಲಿ ಪರದೆ ತೋರಿಸಿ ಬೀಳುತ್ತಿತ್ತು.

ಪ್ರಕಟಣೆಯಲ್ಲಿ ತೀವ್ರತೆ 5.5 ಎಂದಿದೆ. ಇದನ್ನು ಹೇಗೆ ಓದಬೇಕು?

ಸಿವಿಎಸ್‌ಎಸ್ ಎಂಬ ಪದ್ಧತಿಯಲ್ಲಿ 0ಯಿಂದ 10ರವರೆಗೆ ಅಂಕ ಕೊಡಲಾಗುತ್ತದೆ. ಗೋಪ್ಯತೆಗೂ ಅಖಂಡತೆಗೂ ಧಕ್ಕೆಯಿಲ್ಲ, ಲಭ್ಯತೆಗೆ ಮಾತ್ರ ಪೂರ್ಣ ಧಕ್ಕೆ ಎಂದಿಟ್ಟುಕೊಂಡರೆ, 3.1ನೇ ಆವೃತ್ತಿಯ ಲೆಕ್ಕದಲ್ಲಿ ಸುಲಭದ ದಾಳಿಗಳಿಗೆ ಬರುವ ಅಂಕಗಳು ಹೀಗಿವೆ: ಕೈಯಿಂದ ಸಾಧನ ಚುಚ್ಚಬೇಕಾದರೆ 4.6, ಯಂತ್ರದಲ್ಲಿ ಸಾಮಾನ್ಯ ಖಾತೆ ಬೇಕಾದರೆ 5.5, ಅಕ್ಕಪಕ್ಕದ ನೆಟ್‌ವರ್ಕ್‌ನಿಂದ ಖಾತೆಯಿಲ್ಲದೆ ಸಾಧ್ಯವಾದರೆ 6.5, ಎಲ್ಲಿಂದಲಾದರೂ ಖಾತೆಯಿಲ್ಲದೆ ಸಾಧ್ಯವಾದರೆ 7.5. ಹಾಗಾಗಿ 5.5 ಎಂಬ ಅಂಕವನ್ನು ನೋಡಿದ ಕೂಡಲೇ ‘ಸ್ಥಳೀಯ ಖಾತೆಯಿಂದ ಯಂತ್ರ ಬೀಳಿಸುವ ದೋಷ’ ಎಂದು ಊಹಿಸಿದರೆ ಬಹುತೇಕ ಸರಿಯಿರುತ್ತದೆ.

ಆ ಅಂಕಕ್ಕೆ ನಿಮ್ಮ ಯಂತ್ರ ಏನು ಕೆಲಸ ಮಾಡುತ್ತಿದೆ ಎಂಬುದು ಗೊತ್ತಿಲ್ಲ. ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ನಲ್ಲಿ ಸ್ಥಳೀಯ ಖಾತೆಯ ದೋಷವೆಂದರೆ ನೀವೇ ನಿಮ್ಮ ಯಂತ್ರವನ್ನು ಬೀಳಿಸಿಕೊಳ್ಳಬಹುದು ಎಂದಷ್ಟೇ ಅರ್ಥ. ನೂರಾರು ವಿದ್ಯಾರ್ಥಿಗಳು ಲಾಗಿನ್ ಆಗುವ ವಿಶ್ವವಿದ್ಯಾಲಯದ ಸರ್ವರ್‌ನಲ್ಲಿ ಅದೇ 5.5, ಅವರಲ್ಲಿ ಯಾರು ಬೇಕಾದರೂ ಉಳಿದವರೆಲ್ಲರ ಕೆಲಸ ನಿಲ್ಲಿಸಬಹುದು ಎಂದಾಗುತ್ತದೆ. ಆಪರೇಷನ್ ಥಿಯೇಟರಿನ ಮಾನಿಟರ್ ಅಥವಾ ಕಾರ್ಖಾನೆಯ ನಿಯಂತ್ರಣ ಯಂತ್ರದಲ್ಲಂತೂ ಲಭ್ಯತೆಯೇ ಸರ್ವಸ್ವ, ಅಲ್ಲಿ 4.6 ಕೂಡ ನಿದ್ದೆ ಕೆಡಿಸಬೇಕು.

ಇದರಿಂದ ನನ್ನ ಫೈಲ್‌ಗಳು, ಪಾಸ್‌ವರ್ಡ್‌ಗಳು ಕಳುವಾಗುತ್ತವೆಯೇ?

ಶುದ್ಧ ಸೇವಾ ನಿರಾಕರಣೆ ದೋಷದಿಂದ ಕಳುವಾಗುವುದಿಲ್ಲ. ಆದರೆ ಆಗಿನ್ನೂ ಡಿಸ್ಕ್‌ಗೆ ಬರೆಯದೆ ಉಳಿದಿದ್ದ ಕೆಲಸ ಹೋಗುತ್ತದೆ.

‘ಬರೀ ಕ್ರ್ಯಾಶ್’ ಎಂದು ಹೇಳಿದ ದೋಷ ಮುಂದೆ ದೊಡ್ಡದಾಗಿ ಬೆಳೆಯಬಹುದೇ?

ಬೆಳೆದ ಉದಾಹರಣೆಗಳು ಸಾಕಷ್ಟಿವೆ. ‘ಬರೀ ಕ್ರ್ಯಾಶ್’ ಎಂಬುದು ಹಲವು ಸಲ ದೋಷದ ಗುಣವನ್ನಲ್ಲ, ಅದನ್ನು ಪರೀಕ್ಷಿಸಿದವರು ಎಷ್ಟು ದೂರ ಹೋದರು ಎಂಬುದನ್ನು ಹೇಳುತ್ತದೆ. ಗಡಿಯಾಚೆ ಬರೆಯುವ ಅಥವಾ ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟುವ ದೋಷ ಮೊದಲು ಕಾಣಿಸಿಕೊಳ್ಳುವುದು ಕ್ರ್ಯಾಶ್ ಆಗಿಯೇ. ಅದೇ ಜಾಗದಲ್ಲಿ ದಾಳಿಕೋರ ತನಗೆ ಬೇಕಾದ ಬೈಟ್‌ಗಳನ್ನು ಕೂರಿಸಲು ಕಲಿತಾಗ ಅದು ಯಂತ್ರವನ್ನೇ ವಶಪಡಿಸಿಕೊಳ್ಳುವ ದಾರಿಯಾಗುತ್ತದೆ.

ನಲ್ ಪಾಯಿಂಟರ್ ದೋಷಗಳೂ ಒಂದು ಕಾಲಕ್ಕೆ ಹಾಗೆಯೇ ಇದ್ದವು. ಸಾಮಾನ್ಯ ಪ್ರೋಗ್ರಾಮ್ ಸೊನ್ನೆಯ ವಿಳಾಸದಲ್ಲೇ ತನ್ನ ಮೆಮೊರಿಯನ್ನು ಹಾಸಿಟ್ಟು, ಎಡವಿದ ಕರ್ನೆಲ್ ಅಲ್ಲಿಗೇ ಬಂದು ಬೀಳುವಂತೆ ಮಾಡಬಹುದಿತ್ತು. ಈಗ ಲಿನಕ್ಸ್ ವಿತರಣೆಗಳು ಸಾಮಾನ್ಯವಾಗಿ ಮೊದಲ 65,536 ಬೈಟ್‌ಗಳನ್ನು ಯಾರಿಗೂ ಹಾಸಲು ಬಿಡುವುದಿಲ್ಲವಾದ್ದರಿಂದ ಆ ದಾರಿ ಮುಚ್ಚಿದೆ. ಆದರೂ 2023ರ ಜನವರಿಯಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಇನ್ನೊಂದು ಜಾಣ ದಾರಿಯನ್ನು ತೋರಿಸಿತು. ಪ್ರತಿ ಊಪ್ಸ್‌ನಲ್ಲೂ ಪ್ರಕ್ರಿಯೆ ಅರ್ಧದಲ್ಲೇ ಸಾಯುವುದರಿಂದ ಅದು ಹಿಡಿದಿದ್ದ ವಸ್ತುವಿನ ಉಲ್ಲೇಖ ಎಣಿಕೆ (ಅದನ್ನು ಎಷ್ಟು ಕಡೆಯಿಂದ ಬಳಸಲಾಗುತ್ತಿದೆ ಎಂಬ ಲೆಕ್ಕ) ಇಳಿಯುವುದೇ ಇಲ್ಲ. ಊಪ್ಸ್ ಅನ್ನು ಮತ್ತೆ ಮತ್ತೆ ಉಂಟುಮಾಡುತ್ತ ಹೋದರೆ ಆ ಎಣಿಕೆ ಏರಿ ಏರಿ ಉಕ್ಕಿ ಸೊನ್ನೆಗೆ ಮರಳುತ್ತದೆ, ಬಳಕೆಯಲ್ಲಿರುವ ವಸ್ತುವನ್ನು ಕರ್ನೆಲ್ ಬಿಟ್ಟುಕೊಡುತ್ತದೆ. ಇದಕ್ಕೆ ಉತ್ತರವಾಗಿ ಲಿನಕ್ಸ್‌ನಲ್ಲಿ ಊಪ್ಸ್‌ಗಳಿಗೇ ಮಿತಿ ಬಂತು: 10,000 ಆದರೆ ಪ್ಯಾನಿಕ್. ಕ್ರ್ಯಾಶ್‌ಗೂ ವಶಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ತಿಳಿಯಲು ಇದೊಂದೇ ಸಾಕು.

ನಮ್ಮಲ್ಲಿ ಎಲ್ಲವೂ ಕಂಟೇನರ್‌ಗಳಲ್ಲಿ ಓಡುತ್ತದೆ. ನಾವು ಸುರಕ್ಷಿತರೇ?

ಪ್ರೋಗ್ರಾಮ್‌ಗಳನ್ನು ಬೇರೆ ಬೇರೆಯಾಗಿ ಕಟ್ಟಿಡುವ ಈ ಕಂಟೇನರ್‌ಗಳೆಲ್ಲ ಒಂದೇ ಕರ್ನೆಲ್‌ನ ಮೇಲೆ ಕೂತಿರುತ್ತವೆ. ಒಂದು ಕಂಟೇನರ್‌ನಿಂದ ದೋಷವಿರುವ ಡ್ರೈವರ್‌ಗೆ ದಾರಿ ಇದ್ದರೆ ಆ ಯಂತ್ರದ ಅಷ್ಟೂ ಕಂಟೇನರ್‌ಗಳು ಒಟ್ಟಿಗೆ ಬೀಳುತ್ತವೆ. ಒಂದು ನಿಜ ಯಂತ್ರದೊಳಗೆ (ಆತಿಥೇಯ) ತಮ್ಮದೇ ಕರ್ನೆಲ್‌ನೊಂದಿಗೆ ಓಡುವ ವರ್ಚುವಲ್ ಮೆಷಿನ್‌ಗಳ (ಅತಿಥಿ) ಸ್ಥಿತಿ ಉತ್ತಮ, ಅತಿಥಿ ಯಂತ್ರದ ಕರ್ನೆಲ್ ಬಿದ್ದರೆ ಅತಿಥಿ ಮಾತ್ರ ಬೀಳುತ್ತದೆ. ಆದರೆ ಅತಿಥಿಯ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಸ್ವೀಕರಿಸುವ ಡ್ರೈವರ್ ಆತಿಥೇಯ ಯಂತ್ರದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. 2022ರ ಡಿಸೆಂಬರ್‌ನಲ್ಲಿ ವರ್ಚುವಲ್ ಮೆಷಿನ್‌ಗಳನ್ನು ಓಡಿಸುವ ತಂತ್ರಾಂಶದ ಝೆನ್ ಯೋಜನೆ ಪ್ರಕಟಿಸಿದ ಸಿವಿಇ-2022-3643 ಇಂಥದೇ: ಪ್ಯಾಕೆಟ್‌ನ ಶಿರೋಭಾಗವನ್ನು ವಿಚಿತ್ರವಾಗಿ ಹರಿದು ಕಳಿಸುವ ಅತಿಥಿಯೊಂದು, ಲಿನಕ್ಸ್‌ನ ನೆಟ್‌ಬ್ಯಾಕ್ ಡ್ರೈವರ್‌ನ ಮೂಲಕ, ಆತಿಥೇಯ ಯಂತ್ರದ ನೆಟ್‌ವರ್ಕ್ ಕಾರ್ಡ್ ಸ್ಥಗಿತಗೊಳ್ಳುವಂತೆ ಮಾಡಬಹುದಿತ್ತು.

ಅಡ್ಮಿನಿಸ್ಟ್ರೇಟರ್ ಮಾತ್ರ ಉಂಟುಮಾಡಬಲ್ಲ ಕ್ರ್ಯಾಶ್ ಕೂಡ ಭದ್ರತಾ ದೋಷವೇ?

ಸಾಮಾನ್ಯವಾಗಿ ಅಲ್ಲ. ಯಂತ್ರವನ್ನು ಸ್ಥಗಿತಗೊಳಿಸುವ ಅಧಿಕಾರ ಅವರಿಗೆ ಹೇಗೂ ಇದೆ. ಅಡ್ಮಿನಿಸ್ಟ್ರೇಟರ್‌ಗೂ ಕರ್ನೆಲ್‌ಗೂ ನಡುವೆ ತಾನು ಭದ್ರತಾ ಗಡಿಯನ್ನು ಕಾಣುವುದಿಲ್ಲ ಎಂದು ಮೈಕ್ರೋಸಾಫ್ಟ್ ತನ್ನ ನೀತಿಯಲ್ಲೇ ಹೇಳಿದೆ.

2024ರ ಜುಲೈನಲ್ಲಿ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ಬಿದ್ದದ್ದು ಇಂಥ ದಾಳಿಯಿಂದಲೇ?

ಅದು ದಾಳಿಯಲ್ಲ, ಆದರೆ ಪಾಠ ಅದೇ. ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ತನ್ನ ಭದ್ರತಾ ತಂತ್ರಾಂಶಕ್ಕೆ ಕಳಿಸಿದ ಹೊಸ ಸಂರಚನಾ ಫೈಲ್ 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ಕರ್ನೆಲ್‌ನಲ್ಲಿದ್ದ ಕೋಡ್ ಒದಗಿಸುತ್ತಿದ್ದದ್ದು 20. ಇಲ್ಲದ 21ನೆಯದನ್ನು ಓದಲು ಹೋದ ಡ್ರೈವರ್ ಗಡಿಯಾಚೆ ಕಾಲಿಟ್ಟಿತು. ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ಬಿದ್ದವು.

ಕೆಟ್ಟ ಫೈಲನ್ನು ಸಂಸ್ಥೆ 78 ನಿಮಿಷಗಳಲ್ಲಿ ಹಿಂತೆಗೆದುಕೊಂಡಿತ್ತು. ಆದರೂ ಚೇತರಿಕೆಗೆ ದಿನಗಳೇ ಹಿಡಿದದ್ದು ಏಕೆಂದರೆ, ಆ ಡ್ರೈವರ್ ಯಂತ್ರ ಏಳುವ ಹೊತ್ತಿನಲ್ಲೇ ಲೋಡ್ ಆಗುತ್ತಿತ್ತು. ಯಂತ್ರ ಏಳುವುದು, ಅದೇ ಫೈಲ್ ಓದುವುದು, ಮತ್ತೆ ಬೀಳುವುದು. ಹೊಸ ಫೈಲ್ ಇಳಿಸಿಕೊಳ್ಳುವಷ್ಟು ಹೊತ್ತು ಅನೇಕ ಯಂತ್ರಗಳು ನಿಂತಿರಲೇ ಇಲ್ಲ. ಒಂದೊಂದರ ಮುಂದೆಯೂ ಜನ ಹೋಗಿ ಕೂತು ಸೇಫ್ ಮೋಡ್‌ನಲ್ಲಿ ಆ ಫೈಲನ್ನು ಅಳಿಸಬೇಕಾಯಿತು. ಡಿಸ್ಕ್ ಗೂಢಲಿಪೀಕರಣಗೊಂಡಿದ್ದಲ್ಲಿ ಅದಕ್ಕೂ ಮೊದಲು ರಿಕವರಿ ಕೀ ಹುಡುಕಬೇಕಾಯಿತು. ಬಿದ್ದ ಯಂತ್ರ ತಾನಾಗಿ ಏಳುತ್ತದೆಯೇ ಎಂಬ ಪ್ರಶ್ನೆಯನ್ನು ಆರಂಭದಲ್ಲೇ ಎತ್ತಿದ್ದು ಇದಕ್ಕಾಗಿಯೇ.

ನನ್ನ ಯಂತ್ರಕ್ಕೆ ಈ ದೋಷ ಅನ್ವಯಿಸುತ್ತದೆಯೇ ಎಂದು ತಿಳಿಯುವುದು ಹೇಗೆ?

ಮೂರು ವಿಷಯ ನೋಡಿ. ಆ ಡ್ರೈವರ್ ನಿಮ್ಮ ಯಂತ್ರದಲ್ಲಿ ಇದೆಯೇ, ಈಗ ಲೋಡ್ ಆಗಿದೆಯೇ, ಲೋಡ್ ಆಗಿಲ್ಲದಿದ್ದರೆ ಬೇರೆಯವರು ಲೋಡ್ ಮಾಡಿಸಬಲ್ಲರೇ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಮಾಡ್’ ಆದೇಶ ಲೋಡ್ ಆದ ಮಾಡ್ಯೂಲ್‌ಗಳ (ಬೇಕಾದಾಗ ಕರ್ನೆಲ್‌ಗೆ ಜೋಡಿಸುವ ಡ್ರೈವರ್‌ನಂಥ ಭಾಗಗಳ) ಪಟ್ಟಿ ಕೊಡುತ್ತದೆ, ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ಡ್ರೈವರ್‌ನ ಆವೃತ್ತಿ ಸಿಗುತ್ತದೆ. ಮೂರನೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ: ಲಿನಕ್ಸ್ ಅಗತ್ಯ ಬಿದ್ದಾಗ ಮಾಡ್ಯೂಲ್‌ಗಳನ್ನು ತಾನೇ ಲೋಡ್ ಮಾಡಿಕೊಳ್ಳುತ್ತದೆ. ಸಾಧನ ಚುಚ್ಚಿದಾಗಲೂ, ಯಾರೂ ಬಳಸದ ಪ್ರೋಟೋಕಾಲ್‌ನ ಸಾಕೆಟ್ ಅನ್ನು ಸಾಮಾನ್ಯ ಪ್ರೋಗ್ರಾಮ್ ತೆರೆದಾಗಲೂ ಹೀಗಾಗಬಹುದು. ಪಟ್ಟಿಯಲ್ಲಿ ಹೆಸರಿಲ್ಲ ಎಂಬುದರಿಂದ ನಿಶ್ಚಿಂತೆ ಬೇಡ.

ಕರ್ನೆಲ್‌ನ ಆವೃತ್ತಿ ಸಂಖ್ಯೆಯನ್ನಷ್ಟೇ ನೋಡಿ ತೀರ್ಮಾನಿಸುವುದೂ ಸರಿಯಲ್ಲ. ವಿತರಣೆಗಳು ಹೊಸ ಪ್ಯಾಚ್‌ಗಳನ್ನು ಹಳೆಯ ಆವೃತ್ತಿಗೇ ತಂದು ಜೋಡಿಸುವುದರಿಂದ ಹಳೆಯ ಸಂಖ್ಯೆಯ ಕರ್ನೆಲ್‌ನಲ್ಲೂ ದೋಷ ಸರಿಹೋಗಿರಬಹುದು. ನಿಮ್ಮ ವಿತರಣೆಯ ಪ್ರಕಟಣೆಯಲ್ಲಿ ಆ ಸಿವಿಇ ಸಂಖ್ಯೆಯನ್ನು ಹುಡುಕುವುದೇ ಸರಿಯಾದ ದಾರಿ. ಅಂದಹಾಗೆ, 2024ರ ಫೆಬ್ರವರಿಯಿಂದ ಲಿನಕ್ಸ್ ಕರ್ನೆಲ್ ತಂಡವೇ ಸಿವಿಇ ಸಂಖ್ಯೆಗಳನ್ನು ಹಂಚುತ್ತಿದ್ದು, ಭದ್ರತೆಗೆ ಸಂಬಂಧಿಸಿರಬಹುದಾದ ಯಾವ ತಿದ್ದುಪಡಿಗೂ ಸಂಖ್ಯೆ ಕೊಡುವ ಧೋರಣೆ ತಳೆದಿದೆ. ಪಟ್ಟಿ ಹಿಗ್ಗಿರುವುದಕ್ಕೆ ಅದು ಮುಖ್ಯ ಕಾರಣ, ಕರ್ನೆಲ್ ಇದ್ದಕ್ಕಿದ್ದಂತೆ ಕೆಟ್ಟುಹೋಗಿಲ್ಲ.

ಪ್ಯಾಚ್ ಬರುವವರೆಗೆ ಏನು ಮಾಡಬಹುದು?

ಬೇಡದ ಡ್ರೈವರ್ ಆಗಿದ್ದರೆ ತೆಗೆದುಹಾಕಿ, ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಲಿನಕ್ಸ್‌ನಲ್ಲಿ ಮಾಡ್ಯೂಲ್ ಅನ್ನು ‘ಬ್ಲ್ಯಾಕ್‌ಲಿಸ್ಟ್’ಗೆ ಸೇರಿಸಿದರೆ ಸಾಧನ ಚುಚ್ಚಿದಾಗ ತಾನಾಗಿ ಲೋಡ್ ಆಗುವುದು ನಿಲ್ಲುತ್ತದೆ, ಆದರೆ ಹೆಸರು ಹಿಡಿದು ಕರೆದರೆ ಅದು ಬಂದೇ ಬರುತ್ತದೆ, ಪೂರ್ತಿ ತಡೆಯಲು ಅದೇ ಸಂರಚನೆಯಲ್ಲಿ ‘ಇನ್‌ಸ್ಟಾಲ್’ ಸಾಲನ್ನು ಬರೆದು ಮಾಡ್ಯೂಲ್‌ನ ಬದಲು ಏನೂ ಮಾಡದೆ ವಿಫಲವಾಗುವ ಆದೇಶವನ್ನು ಸೂಚಿಸಬೇಕು. ಯುಎಸ್‌ಬಿ ದೋಷವಾದರೆ ಹೊಸ ಸಾಧನಗಳಿಗೆ ಪೂರ್ವಾನುಮತಿ ಕಡ್ಡಾಯ ಮಾಡಬಹುದು. ಸ್ಥಳೀಯ ದೋಷವಾದರೆ ಡ್ರೈವರ್‌ನ ಸಾಧನ ಫೈಲನ್ನು ತೆರೆಯುವ ಅನುಮತಿಯನ್ನು ಅಗತ್ಯವಿರುವ ಗುಂಪಿಗೆ ಮಾತ್ರ ಸೀಮಿತಗೊಳಿಸಿ. ಆಂಟಿವೈರಸ್‌ನಿಂದ ಇಲ್ಲಿ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಬಿದ್ದರೂ ಬೇಗ ಏಳುವಂತೆ ಸಿದ್ಧತೆ ಮಾಡಿಕೊಳ್ಳುವುದು ಅಷ್ಟೇ ಮುಖ್ಯ. ಪ್ಯಾನಿಕ್ ಆದ ಮೇಲೆ ಎಷ್ಟು ಸೆಕೆಂಡ್ ಬಿಟ್ಟು ರೀಬೂಟ್ ಆಗಬೇಕು ಎಂಬುದಕ್ಕೆ ಲಿನಕ್ಸ್ ಕರ್ನೆಲ್‌ನ ಮೂಲ ನಿಗದಿ 0, ಅಂದರೆ ಯಾರಾದರೂ ಬಂದು ಬಟನ್ ಒತ್ತುವವರೆಗೆ ಹಾಗೇ ನಿಂತಿರುವುದು. ದೂರದ ಸರ್ವರ್‌ಗಳಲ್ಲಿ ಇದನ್ನು 10 ಎಂದಾದರೂ ಬದಲಿಸಿಡಿ. ಸ್ತಬ್ಧವಾಗುವ ದೋಷಗಳಿಗೆ, ಯಂತ್ರ ಉತ್ತರಿಸದಿದ್ದರೆ ತಾನೇ ರೀಬೂಟ್ ಮಾಡುವ ಹಾರ್ಡ್‌ವೇರ್ ವಾಚ್‌ಡಾಗ್ ಬೇಕು.

ಅಪ್‌ಡೇಟ್ ಹಾಕಿಯಾಯಿತು. ಇನ್ನು ಚಿಂತೆಯಿಲ್ಲವಲ್ಲ?

ರೀಬೂಟ್ ಮಾಡಿದಿರಾ? ಹೊಸ ಕರ್ನೆಲ್ ಡಿಸ್ಕ್‌ಗೆ ಬಂದಿದ್ದರೂ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ. ತಿಂಗಳುಗಟ್ಟಲೆ ನಿಲ್ಲದೆ ಓಡಿದ ಸರ್ವರ್ ಬಗ್ಗೆ ಹೆಮ್ಮೆಪಡುವವರ ಯಂತ್ರಗಳಲ್ಲಿ ಈ ಅಂತರ ಸಾಮಾನ್ಯವಾಗಿ ಕಾಣುತ್ತದೆ. ಓಡುತ್ತಿರುವ ಕರ್ನೆಲ್ಲನ್ನೇ ರೀಬೂಟ್ ಇಲ್ಲದೆ ತಿದ್ದುವ ಲೈವ್ ಪ್ಯಾಚಿಂಗ್ ಇದ್ದರೂ ಎಲ್ಲ ತಿದ್ದುಪಡಿಗಳೂ ಆ ಮಾರ್ಗದಲ್ಲಿ ಬರುವುದಿಲ್ಲ.

ಯಂತ್ರ ಈಗಾಗಲೇ ಎರಡು ಸಲ ಬಿದ್ದಿದೆ. ಅದು ದಾಳಿಯೋ, ಕೆಟ್ಟ ಹಾರ್ಡ್‌ವೇರೋ?

ಕೆಟ್ಟ ಮೆಮೊರಿ ಚಿಪ್‌ನಿಂದ ಬೀಳುವ ಯಂತ್ರ ಪ್ರತಿ ಸಲವೂ ಬೇರೆ ಬೇರೆ ಕಡೆ ಬೀಳುತ್ತದೆ. ಒಮ್ಮೆ ಫೈಲ್ ಸಿಸ್ಟಮ್, ಇನ್ನೊಮ್ಮೆ ಗ್ರಾಫಿಕ್ಸ್. ಡ್ರೈವರ್‌ನ ತಪ್ಪಿನಿಂದ ಬೀಳುವುದು ಬಹುತೇಕ ಅದೇ ಫಂಕ್ಷನ್‌ನಲ್ಲಿ, ಅದೇ ಆಫ್‌ಸೆಟ್‌ನಲ್ಲಿ. ಆದ್ದರಿಂದ ಎರಡು ಕ್ರ್ಯಾಶ್‌ಗಳ ಕರೆ ಸರಣಿಯನ್ನು, ಎಂದರೆ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯನ್ನು, ಅಕ್ಕಪಕ್ಕ ಇಟ್ಟು ನೋಡಿ. ಲಿನಕ್ಸ್‌ನಲ್ಲಿ ಕೆಡಂಪ್ ಸೇವೆಯನ್ನು ಮೊದಲೇ ಚಾಲೂ ಮಾಡಿದ್ದರೆ ಬೀಳುವ ಕ್ಷಣದ ಮೆಮೊರಿ ಪೂರ್ತಿ ಸಿಗುತ್ತದೆ. ವಿಂಡೋಸ್‌ನಲ್ಲಿ ಮಿನಿಡಂಪ್ ಫೈಲ್‌ಗಳಿರುತ್ತವೆ. ಒಂದೇ ಜಾಗದಲ್ಲಿ ಬಿದ್ದಿದ್ದರೆ ಅದರಿಂದಲೇ ದಾಳಿ ಎಂದು ಹೇಳಲಾಗದು, ದಿನದ ಸಾಮಾನ್ಯ ಕೆಲಸವೂ ಆ ಸಾಲನ್ನು ತಲುಪಿರಬಹುದು. ಬಿದ್ದ ಸಮಯಕ್ಕೆ ಸ್ವಲ್ಪ ಮೊದಲು ಯಾರು ಲಾಗಿನ್ ಆಗಿದ್ದರು, ಯಾವ ಸಾಧನ ಚುಚ್ಚಲಾಯಿತು, ಯಾವ ವಿಳಾಸದಿಂದ ಪ್ಯಾಕೆಟ್ ಬಂದಿತು ಎಂಬುದು ಬೇರೊಂದು ಯಂತ್ರದಲ್ಲಿ ಉಳಿಸಿದ ಲಾಗ್‌ನಿಂದ ಮಾತ್ರ ತಿಳಿಯುತ್ತದೆ. ಬಿದ್ದ ಯಂತ್ರದ ಕೊನೆಯ ಕ್ಷಣಗಳ ಲಾಗ್ ಡಿಸ್ಕ್ ತಲುಪದೇ ಹೋಗುವುದೇ ಹೆಚ್ಚು.

ಡ್ರೈವರ್‌ಗಳನ್ನು ಕರ್ನೆಲ್‌ನಿಂದ ಹೊರಗಿಟ್ಟರೆ ಅಥವಾ ರಸ್ಟ್ ಭಾಷೆಯಲ್ಲಿ ಬರೆದರೆ ಈ ಸಮಸ್ಯೆಯೇ ತೀರುವುದಿಲ್ಲವೇ?

ಹೊರಗಿಡುವ ಆಲೋಚನೆ ಹಳೆಯದು. ಮಿನಿಕ್ಸ್ 3ರಲ್ಲಿ ಡ್ರೈವರ್‌ಗಳು ಸಾಮಾನ್ಯ ಪ್ರಕ್ರಿಯೆಗಳಾಗಿ ಓಡುತ್ತವೆ, ಒಂದು ಸತ್ತರೆ ಅದನ್ನು ಮತ್ತೆ ಎಬ್ಬಿಸಲೆಂದೇ ಒಂದು ಸರ್ವರ್ ಇದೆ. ಆಪಲ್ 2019ರಲ್ಲಿ ಮ್ಯಾಕ್‌ಒಎಸ್ ಕ್ಯಾಟಲಿನಾದೊಂದಿಗೆ ತಂದ ಡ್ರೈವರ್‌ಕಿಟ್ ಕೂಡ ಇದೇ ದಿಕ್ಕಿನದು. ವಿಂಡೋಸ್ ವಿಸ್ಟಾ ಕಾಲದಿಂದಲೂ ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರಿಸದಿದ್ದರೆ ಇಡೀ ಯಂತ್ರದ ಬದಲು ಆ ಕಾರ್ಡನ್ನಷ್ಟೇ ಮರುಹೊಂದಿಸಲು ಯತ್ನಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುವುದು ಅದರಿಂದಲೇ. ಅತಿ ವೇಗ ಬೇಕಾದ ಕಡೆ ಮಾತ್ರ ಈ ಹೊರಗಿಡುವ ವ್ಯವಸ್ಥೆಗೆ ಬೆಲೆ ತೆರಬೇಕಾಗುತ್ತದೆ.

2022ರ ಡಿಸೆಂಬರ್‌ನ ಲಿನಕ್ಸ್ 6.1 ಆವೃತ್ತಿಯಿಂದ ಕರ್ನೆಲ್‌ನಲ್ಲಿ ರಸ್ಟ್‌ಗೆ ಜಾಗ ಸಿಕ್ಕಿದೆ. ಅದು ಬಿಟ್ಟುಕೊಟ್ಟ ಮೆಮೊರಿಯನ್ನು ಮುಟ್ಟುವಂಥ ತಪ್ಪುಗಳನ್ನು ಬಹುಮಟ್ಟಿಗೆ ಕಂಪೈಲ್ ಹಂತದಲ್ಲೇ ತಡೆಯುತ್ತದೆ. ಗಡಿ ದಾಟಿದ ಓದನ್ನು ಓಡುವಾಗ ಹಿಡಿಯುತ್ತದೆ, ಆದರೆ ಹಿಡಿದ ಮೇಲೆ ಮಾಡುವುದು ಪ್ಯಾನಿಕ್. ದಾಳಿಕೋರ ಯಂತ್ರವನ್ನು ವಶಪಡಿಸಿಕೊಳ್ಳಲಾರ, ಆದರೆ ಬೀಳಿಸಬಲ್ಲ. ಮುಗಿಯದ ಲೂಪ್ ಮತ್ತು ಲಾಕ್‌ಗಳ ಬಿಕ್ಕಟ್ಟನ್ನು ಯಾವ ಭಾಷೆಯೂ ಬರೆಯುವವರ ಪರವಾಗಿ ತಪ್ಪಿಸುವುದಿಲ್ಲ. ಸದ್ಯಕ್ಕೆ ಹೆಚ್ಚು ಫಲ ಕೊಟ್ಟಿರುವುದು ಸಿಜ್‌ಕಾಲರ್‌ನಂಥ ಫಜಿಂಗ್ ಸಾಧನಗಳು: ಅಡ್ಡಾದಿಡ್ಡಿ ಕರೆಗಳನ್ನು ಹಗಲಿರುಳು ಕರ್ನೆಲ್‌ನ ಮೇಲೆ ಎಸೆದು, ಬಿದ್ದಾಗ ಬೀಳಿಸಿದ ಕ್ರಮವನ್ನು ಬರೆದಿಡುವುದು ಅವುಗಳ ಕೆಲಸ. ವಿಂಡೋಸ್‌ನಲ್ಲಿ ಡ್ರೈವರ್ ಬರೆಯುವವರಿಗೆ ವಿಂಡೋಸ್ 2000ದಿಂದಲೇ ಡ್ರೈವರ್ ವೆರಿಫೈಯರ್ ಇದೆ.

ನಾನೇ ಇಂಥ ದೋಷವನ್ನು ಕಂಡುಹಿಡಿದಿದ್ದೇನೆ. ಯಾರಿಗೆ, ಹೇಗೆ ತಿಳಿಸಬೇಕು?

ಡ್ರೈವರ್ ಆಪರೇಟಿಂಗ್ ಸಿಸ್ಟಮ್‌ನ ಜೊತೆಗೇ ಬಂದದ್ದಾದರೆ ಅದರ ಭದ್ರತಾ ತಂಡಕ್ಕೆ, ಸಾಧನ ತಯಾರಕರಿಂದ ಪ್ರತ್ಯೇಕವಾಗಿ ಬಂದದ್ದಾದರೆ ತಯಾರಕರಿಗೆ ಬರೆಯಿರಿ. ಕರ್ನೆಲ್‌ನ ನಿಖರ ಆವೃತ್ತಿ, ಡ್ರೈವರ್‌ನ ಆವೃತ್ತಿ, ಪೂರ್ತಿ ಲಾಗ್ ಮತ್ತು ದೋಷವನ್ನು ಮರಳಿ ಉಂಟುಮಾಡುವ ಅತಿ ಚಿಕ್ಕ ಪ್ರೋಗ್ರಾಮ್ ಇವಿಷ್ಟೂ ಇರಲಿ. ಲಾಗ್‌ನ ಫೋಟೋ ತೆಗೆದು ಕಳಿಸುವುದಕ್ಕಿಂತ ಪಠ್ಯವಾಗಿ ಕಳಿಸಿದರೆ ಓದುವವರು ಹರಸುತ್ತಾರೆ. ಎಷ್ಟು ಅಧಿಕಾರವಿರುವ ಖಾತೆಯಿಂದ ಇದು ಸಾಧ್ಯವಾಯಿತು ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿ.

ಗೋಪ್ಯವಾಗಿಡುವ ಅವಧಿ ಎಲ್ಲೆಡೆ ಒಂದೇ ಅಲ್ಲ. ಪ್ರಾಜೆಕ್ಟ್ ಝೀರೋ ತಂಡ ಸಾಮಾನ್ಯವಾಗಿ ತಯಾರಕರಿಗೆ 90 ದಿನ ಕೊಡುತ್ತದೆ. ಲಿನಕ್ಸ್ ಕರ್ನೆಲ್‌ನ ಭದ್ರತಾ ತಂಡ ಅಷ್ಟು ಕಾಯುವುದಿಲ್ಲ. ತಿದ್ದುಪಡಿ ಸಿದ್ಧವಾದ ಮೇಲೆ ಅದನ್ನು ತಡೆಹಿಡಿಯಲು ಒಪ್ಪುವುದು ಸಾಮಾನ್ಯವಾಗಿ 7 ದಿನಗಳಿಗೆ ಮಾತ್ರ. ಆದ್ದರಿಂದ ಲಿನಕ್ಸ್‌ಗೆ ಬರೆಯುವ ಮೊದಲು, ನಿಮ್ಮದೇ ಯಂತ್ರಗಳಲ್ಲಿ ಆ ಮಾಡ್ಯೂಲ್ ಅನ್ನು ಮುಚ್ಚಿಡುವ ಏರ್ಪಾಡು ಮಾಡಿಕೊಂಡಿರಿ.